ದೂರು ಬಾರದ ಒಂಬತ್ತು ಲಿಫ್ಟುಗಳು

ಜಹನಾರಾ ಅವರ ಮುಖ ನೋಡುವ ಮೊದಲು ಆರು ವರ್ಷ ನಾನು ಅವರಿಗೆ ಫೋನಿನಲ್ಲೇ ಬೈದಿದ್ದೇನೆ. ಕೆಟ್ಟ ಮಾತು ಆಡಿದವನಲ್ಲ; ರಿಟೈರಾದವರು ಬೈಯುವ ವರಸೆಯೇ ಬೇರೆ. “ಏನಮ್ಮ, ನಿಮ್ ಕಂಪ್ನಿ ಇದ್ಯೋ, ಮುಚ್ಚೋಯ್ತೋ?” ಎಂದು ಶುರುವಾಗಿ “ನಮ್ ಕಾಲದಲ್ಲಿ” ಎಂಬಲ್ಲಿಗೆ ಬಂದು ನಿಲ್ಲುವ ಬೈಗುಳ ಅದು. ಅಷ್ಟನ್ನೂ ಕೇಳಿಸಿಕೊಂಡು ಆಕೆ ಪ್ರತಿ ಸಲವೂ ಅವೇ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. “ಯಾವ್ ಬಿಲ್ಡಿಂಗು ಸಾರ್? ಲಿಫ್ಟು ಎಷ್ಟ್ನೇ ಫ್ಲೋರಲ್ಲಿ ನಿಂತಿದೆ? ಒಳ್ಗೆ ಯಾರಾದ್ರೂ ಇದಾರಾ? ಬಾಗ್ಲು ತೆಗ್ದಿದ್ಯಾ, ಹಾಕಿದ್ಯಾ?” ನನ್ನ ದನಿ ಕೇಳಿದೊಡನೆ ಅವರಿಗೆ ಗುರುತು ಹತ್ತುತ್ತಿತ್ತು. ಆದರೂ ಬಿಲ್ಡಿಂಗಿನ ಹೆಸರು ನನ್ನ ಬಾಯಿಂದಲೇ ಹೇಳಿಸಿ, ಕೊನೆಗೊಂದು ಕಂಪ್ಲೇಂಟ್ ನಂಬರು ಕೊಡುತ್ತಿದ್ದರು. ನನಗೆ ಬೇಕಾಗಿದ್ದು ಮೆಕ್ಯಾನಿಕ್, ನಂಬರಲ್ಲ.

ನಾನು ಶ್ರೀನಿವಾಸಮೂರ್ತಿ. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಗ್ಗದಾಸಪುರದ ಹಳೆಯ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ನಾನೂ ಹೆಂಡತಿ ಸೀತಮ್ಮನೂ ಇದ್ದೇವೆ. ಬೇರೆ ಯಾರೂ ಒಪ್ಪದ ಕಾರಣ ಸಂಘದ ಕಾರ್ಯದರ್ಶಿಯೂ ನಾನೇ. ನಮ್ಮ ಲಿಫ್ಟಿಗೆ ಇಪ್ಪತ್ತೈದು ವರ್ಷ ವಯಸ್ಸು. ಕೈಯಿಂದ ಎಳೆದು ಹಾಕುವ ಕಬ್ಬಿಣದ ಗ್ರಿಲ್ ಬಾಗಿಲು. ಬಾಗಿಲು ಸರಿಯಾಗಿ ಕೂರದಿದ್ದರೆ ಕದಲುವುದಿಲ್ಲ ಎಂದು ಹಟ ಹಿಡಿಯುತ್ತಿತ್ತು, ತಿಂಗಳಿಗೆ ಎರಡು ಸಲವಾದರೂ. ಅದನ್ನು ನೋಡಿಕೊಳ್ಳುವುದು ಶಿವಾಜಿನಗರದ ‘ಬುಲಂದ್ ಲಿಫ್ಟ್ ಸರ್ವಿಸ್’ ಎಂಬ ಸಣ್ಣ ಕಂಪನಿ. ಮಾಲೀಕರು ಅಹ್ಮದ್ ಪಾಷಾ. ಫೋನ್ ಎತ್ತುವವರು ಜಹನಾರಾ. ಈ ಬರಹ ಫೋನ್ ಎತ್ತುವವರ ವಿಷಯ.

ಅವರು ಹುಟ್ಟಿದ್ದು ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ತಂದೆ ದಂಡು ಪ್ರದೇಶದ ಹಳೆಯ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟ್‌ಮನ್. ರಜೆಯ ದಿನ ಬೆಳಗ್ಗೆ ಅಪ್ಪನ ಜೊತೆ ಹೋಗಿ ಮೆಟ್ಟಿಲ ಮೇಲೆ ಕೂತಿರುವುದು ಮಗಳಿಗೆ ಇಷ್ಟ. ಆಗ ನೋಡಿದ ಒಂದು ಪದ್ಧತಿ ಅವರ ತಲೆಯಲ್ಲಿ ಕೂತುಬಿಟ್ಟಿತು. ತಂದೆ ದಿನದ ಮೊದಲ ಟ್ರಿಪ್ಪಿಗೆ ಮುಂಚೆ ಲಿಫ್ಟಿನ ಬಾಗಿಲನ್ನು ತೆರೆದೇ ಇಟ್ಟು, ತಾವು ಹೊರಗೆ ನಿಂತು, ಉದ್ದನೆಯ ಕೊಡೆಯ ತುದಿಯಿಂದ ಒಳಗಿನ ಗುಂಡಿ ಒತ್ತುತ್ತಿದ್ದರು. ಬಾಗಿಲು ತೆರೆದಿದ್ದಾಗ ಲಿಫ್ಟು ಕದಲಬಾರದು. ಕದಲದಿದ್ದರೆ ಮಾತ್ರ ಜನರನ್ನು ಹತ್ತಿಸುವುದು. ದೊಡ್ಡ ಸಾಹೇಬರೇ ಬಂದು ಗಡಿಯಾರ ನೋಡುತ್ತಾ ನಿಂತರೂ ಈ ಶಾಸ್ತ್ರ ತಪ್ಪುತ್ತಿರಲಿಲ್ಲ. “ಲಿಫ್ಟಾಂ ಕೂ ಉಸ್ತಾದ್ ನಕ್ಕೋ ಬೇಟಿ, ಆದತ್ ಹೋನಾ” ಎನ್ನುತ್ತಿದ್ದರಂತೆ. ಲಿಫ್ಟಿಗೆ ದೊಡ್ಡ ಉಸ್ತಾದ ಬೇಡ ಮಗಳೇ, ಅಭ್ಯಾಸ ಬೇಕು ಎಂದರ್ಥ.

ಹತ್ತನೇ ಕ್ಲಾಸು ಮುಗಿಸಿದ ಜಹನಾರಾ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಕೂತರು. ಆಗ ಅಹ್ಮದ್ ಪಾಷಾ ಹತ್ತಿರ ಇದ್ದದ್ದು ಒಂದು ಮೊಪೆಡ್ಡು, ಒಂದು ಚೀಲ ಸಾಮಾನು. ಅವರಿಗೆ ಬರುವ ಫೋನುಗಳೆಲ್ಲ ಬೂತಿಗೇ ಬರುತ್ತಿದ್ದವು. ಯಾವ ಕಟ್ಟಡ, ಏನು ತೊಂದರೆ, ಯಾರು ಫೋನ್ ಮಾಡಿದ್ದು, ಎಷ್ಟು ಹೊತ್ತಿಗೆ ಎಂದು ಆಕೆ ಚೀಟಿ ಬರೆದು ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದರು. ಪಾಷಾ ಬಂದು ಚೀಟಿ ಕಿತ್ತುಕೊಂಡು ಹೋಗುತ್ತಿದ್ದರು. ಕಂಪನಿಗೆ ಬೋರ್ಡು ಬರೆಸುವ ಮೊದಲೇ ಅದರ ಆಫೀಸು ಆ ಮೊಳೆಯ ಮೇಲಿತ್ತು. ಮೊಬೈಲು ಬಂದು ಬೂತು ಮುಚ್ಚಿದಾಗ ಪಾಷಾ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲಿನಲ್ಲಿ ಒಂದು ಕೋಣೆ ಹಿಡಿದು, ಮೊದಲ ಕುರ್ಚಿ ಆಕೆಗೇ ಕೊಟ್ಟರು. ಕೋಣೆ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ, ಮೆಟ್ಟಿಲು ಹತ್ತಬೇಕು.

ಪ್ರತಿ ಲಿಫ್ಟಿಗೂ ಒಂದು ಕಾರ್ಡು ಎಂಬ ಪದ್ಧತಿ ಮಾಡಿದವರು ಜಹನಾರಾ. ಕಟ್ಟಡದ ಟೆರೇಸಿನ ಮೇಲೆ ಲಿಫ್ಟಿನ ಮೋಟರು ಇರುವ ಕೋಣೆಯಿದೆಯಲ್ಲ, ಅಲ್ಲಿ ಆ ಕಾರ್ಡು ನೇತುಹಾಕಿರಬೇಕು. ದೂರು ಬರಲಿ ಬಿಡಲಿ, ತಿಂಗಳಿಗೊಮ್ಮೆ ಮೆಕ್ಯಾನಿಕ್ ಹೋಗಿ ನೋಡಿ, ಏನು ನೋಡಿದೆ ಏನು ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಅದೇ ಮಾತು ಆಫೀಸಿನ ರಿಜಿಸ್ಟರಿಗೂ ಬರಬೇಕು. ಆಗಿದ್ದ ನಾಲ್ವರು ಮೆಕ್ಯಾನಿಕ್‌ಗಳಲ್ಲಿ ಯಾರೂ ಅಸಾಧ್ಯ ಬುದ್ಧಿವಂತರಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಜೀಶಾನ್ ಅಂತೂ ಕಾರ್ಡು ಓದುವುದಕ್ಕೇ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ಅವನ ನಿಧಾನಕ್ಕೆ ನಾನು ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಶಾಹಬಾಜ್ ಬಂದ.

ಟಿನ್ ಫ್ಯಾಕ್ಟರಿ ಕಡೆಯ ದೊಡ್ಡ ಕಂಪನಿಯೊಂದರಿಂದ ಪಾಷಾ ಅವನನ್ನು ಎರಡರಷ್ಟು ಸಂಬಳ ಕೊಟ್ಟು, ಹೊಸ ಬೈಕು ಕೊಡಿಸಿ ಎಳೆದುತಂದಿದ್ದರು. ಎಳೆದುತರುವಂಥ ಹುಡುಗನೇ, ಸುಳ್ಳು ಹೇಳಬಾರದು. ಬಾಗಿಲಿಗೆ ಕಿವಿಯಿಟ್ಟು ಒಮ್ಮೆ ಲಿಫ್ಟು ಓಡಿಸಿದರೆ ಸಾಕು, ರೋಗ ಎಲ್ಲಿದೆ ಎಂದು ಹೇಳುತ್ತಿದ್ದ. ಜೀಶಾನನ ಅರ್ಧ ದಿನದ ಕೆಲಸ ಇವನಿಗೆ ಇಪ್ಪತ್ತು ನಿಮಿಷ. ಹಬ್ಬವಿರಲಿ ಭಾನುವಾರವಿರಲಿ, ಕರೆದರೆ ಬರುತ್ತಿದ್ದ. ಸೀತಮ್ಮನ ಕಾಫಿ ಹೊಗಳುತ್ತಿದ್ದ. ಮೂರೇ ತಿಂಗಳಲ್ಲಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ಎಲ್ಲ ಸಂಘದ ಕಾರ್ಯದರ್ಶಿಗಳ ಮೊಬೈಲಿನಲ್ಲೂ ಅವನ ನಂಬರಿತ್ತು. ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಲಿಫ್ಟಿನ ಪಕ್ಕದ ಗೋಡೆಯ ಮೇಲಿದ್ದ ಆಫೀಸಿನ ನಂಬರಿಗೆ ಸುಣ್ಣ ಬಳಿದು, ‘ಲಿಫ್ಟ್ ಕೆಟ್ಟರೆ ಶಾಹಬಾಜ್’ ಎಂದು ಬರೆದು ಅವನ ನಂಬರು ಹಾಕಿದೆ. ದೇವರೇ ಕೈಗೆ ಸಿಕ್ಕಿರುವಾಗ ಪೂಜಾರಿಯ ನಾಲ್ಕು ಪ್ರಶ್ನೆ ಯಾರಿಗೆ ಬೇಕು ಎಂಬುದು ನನ್ನ ವಾದ. ಅವನು ಬೇರೆಲ್ಲೋ ಕೆಲಸದಲ್ಲಿ ಸಿಕ್ಕಿಕೊಂಡು ಫೋನ್ ಎತ್ತದಿದ್ದಾಗ ಮಾತ್ರ, ತಿಂಗಳಿಗೊಮ್ಮೆಯೋ ಏನೋ, ಆಫೀಸಿಗೆ ಮಾಡಿ ಬೈಯುತ್ತಿದ್ದೆ.

ದೊಡ್ಡ ಸಂಬಳ ಎಲ್ಲಿಂದಲೋ ಬರಬೇಕಲ್ಲ. ಇಬ್ಬರು ಹಳೆಯ ಮೆಕ್ಯಾನಿಕ್‌ಗಳನ್ನು ಪಾಷಾ ಬಿಡಿಸಿದರು. ತಿಂಗಳ ಭೇಟಿಗಳು ನಿಂತವು. ಮುಂದಿನದೆಲ್ಲ ನನಗೆ ಜಹನಾರಾ ಅವರೇ ಹೇಳಿದ್ದು; ಅವರ ಆಫೀಸಿನ ಮಾತು ನಡೆಯುವುದು ದಖ್ಖನಿ ಉರ್ದುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಕಾರ್ಡೆಲ್ಲ ಖಾಲಿ ಬಿದ್ದಿವೆ ಭಾಯ್. ಯಾವ್ ಲಿಫ್ಟಲ್ಲಿ ಏನ್ ಮಾಡಿದಾನೆ ಅಂತ ಒಂದಕ್ಷರ ಇಲ್ಲ” ಎಂದು ಆಕೆ ಪಾಷಾ ಅವರಿಗೆ ಹೇಳಿದ್ದರು.

“ಎಲ್ಲಾ ಅವ್ನ ತಲೇಲಿದೆ ಆಪಾ.” ಆಪಾ ಎಂದರೆ ಅಕ್ಕ; ಆಫೀಸಿನವರೆಲ್ಲ ಅವರನ್ನು ಕರೆಯುವುದು ಹಾಗೆ.

“ಆ ತಲೆಗೆ ಒಂದಿನ ಜ್ವರ ಬಂದ್ರೆ?”

“ಶಾಹಬಾಜ್‌ಗೆ ಜ್ವರಾನೂ ಅಪಾಯಿಂಟ್‌ಮೆಂಟ್ ತಗೊಂಡೇ ಬರತ್ತೆ” ಎಂದು ಪಾಷಾ ನಕ್ಕುಬಿಟ್ಟರಂತೆ.

ನಾನು ಅಲ್ಲಿದ್ದಿದ್ದರೂ ನಗುತ್ತಿದ್ದೆ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ‘ಬರೆಯದಿದ್ದ ಕೆಲಸ, ಮಾಡದಿದ್ದ ಕೆಲಸ’ ಎಂದು ಕಂಡಕಂಡವರ ಮೇಲೆ ಕೂಗಾಡಿದವನು ನಾನು. ಸಹಿ ಇಲ್ಲದ ಒಂದು ಬೋಲ್ಟನ್ನೂ ಗೇಟು ದಾಟಲು ಬಿಟ್ಟವನಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ; ಹಾಗೆ ನನ್ನ ಮನೆಯ ಲಿಫ್ಟಿನ ವಿಷಯ ಬಂದಾಗ ಸಹಿಯೂ ಬೇಡ, ಕಾರ್ಡೂ ಬೇಡ, ಶಾಹಬಾಜ್ ಒಬ್ಬನಿದ್ದರೆ ಸಾಕಾಗಿತ್ತು.

ಶಾಹಬಾಜ್ ಬಂದ ಮೂರನೇ ವರ್ಷ, ಏಪ್ರಿಲ್ ತಿಂಗಳಲ್ಲಿ ಸೀತಮ್ಮನ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಲಿಫ್ಟು ಕದಲಲಿಲ್ಲ. ಕುರ್ಚಿಯಲ್ಲಿ ಕೂತು ನೋವು ನುಂಗುತ್ತಿದ್ದ ಅವಳನ್ನು ನೋಡಿ ನನಗೆ ತಲೆ ಕೆಟ್ಟಿತು. ಆಫೀಸಿಗೆ ಫೋನ್ ಮಾಡಲಿಲ್ಲ; ಗೋಡೆಯ ನಂಬರಿಗೆ ಮಾಡಿದೆ. ಅರ್ಧ ಗಂಟೆಯಲ್ಲಿ ಶಾಹಬಾಜ್ ಬಂದ. ಟೆರೇಸಿಗೆ ಹೋಗಿ ಬಂದು ಹೇಳಿದ.

“ಬಾಗ್ಲು ಕಾಂಟ್ಯಾಕ್ಟ್ ಸುಟ್ಟೋಗಿದೆ ಸಾರ್, ಬಾಗ್ಲು ಹಾಕಿದೆ ಅಂತ ಲಿಫ್ಟಿಗೆ ಹೇಳೋದು ಅದೇ. ಪಾರ್ಟ್ ಸೋಮವಾರ ಸಿಗತ್ತೆ. ಅಲ್ಲೀವರ್ಗೂ ಬಂದ್ ಮಾಡೋಣ.”

“ನಾಲ್ಕ್ ಮಹಡಿ ಇವ್ಳನ್ನ ಹೊತ್ಕೊಂಡ್ ಹೋಗ್ಲಾ? ಹೇಗಾದ್ರೂ ಮಾಡಿ ಓಡಿಸಪ್ಪಾ, ನಿನ್ ಕೈಲಿ ಆಗಲ್ಲ ಅನ್ಬೇಡ.”

ಅವನು ಸೀತಮ್ಮನನ್ನು ನೋಡಿದ, ನನ್ನನ್ನು ನೋಡಿದ. “ಟೆಂಪರರಿ ಮಾಡ್ತೀನಿ. ಸೋಮವಾರ ಬರ್ತೀನಿ” ಎಂದ. ಲಿಫ್ಟು ಓಡಿತು. ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಸೋಮವಾರ ಅವನಿಗೆ ಇಂದಿರಾನಗರದಲ್ಲಿ ಬೇರೆ ಯಾರದೋ ಕರೆ ಬಂದಿರಬೇಕು, ಬರಲಿಲ್ಲ. ಲಿಫ್ಟು ಚೆನ್ನಾಗಿ ಓಡುತ್ತಿದ್ದುದರಿಂದ ನಾನೂ ನೆನಪಿಸಲಿಲ್ಲ. ಟೆಂಪರರಿ ಎಂದರೆ ಏನು ಎಂದು ಕೇಳಲೂ ಇಲ್ಲ. ಅಲ್ಲಿಂದ ನಾಲ್ಕು ತಿಂಗಳು ನಮ್ಮ ಲಿಫ್ಟು ಒಂದೇ ಒಂದು ಸಲವೂ ಕೆಡಲಿಲ್ಲ. ಸಂಘದ ಮೀಟಿಂಗಿನಲ್ಲಿ ಅದನ್ನು ನನ್ನ ಸಾಧನೆ ಎಂಬಂತೆ ಹೇಳಿಕೊಂಡೆ.

ಸೀತಮ್ಮ ಚೇತರಿಸಿಕೊಂಡು ಮತ್ತೆ ತರಕಾರಿಗೆ ಹೋಗತೊಡಗಿದಳು. ಚಕ್ರದ ಚೀಲವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ಮಂಡಿಗೆ ಭಾರ ಬೀಳದಂತೆ, ಲಿಫ್ಟಿಗೆ ಬೆನ್ನು ಹಾಕಿ ಹಿಂದಕ್ಕೆ ಹೆಜ್ಜೆಯಿಟ್ಟು ಹತ್ತುತ್ತಿದ್ದಳು. ಚೀಲ ತನ್ನ ಹಿಂದೆ ಬರಲಿ ಎಂದು. ನೋಡಲು ತಮಾಷೆಯಾಗಿತ್ತು. ನಾನು ಗೇಲಿಯನ್ನೂ ಮಾಡುತ್ತಿದ್ದೆ.

ಜುಲೈ ಕೊನೆಗೆ ಶಾಹಬಾಜ್‌ಗೆ ಕತಾರಿನಲ್ಲಿ ಕೆಲಸ ಸಿಕ್ಕಿತು. ಪಾಷಾ ಹೇಗೆ ಎಳೆದುತಂದಿದ್ದರೋ ಹಾಗೆಯೇ ಇನ್ನೊಬ್ಬರು ಎಳೆದುಕೊಂಡರು, ಅದರಲ್ಲಿ ಅನ್ಯಾಯವೇನಿಲ್ಲ. ಪಾಷಾ ಎರಡು ದಿನ ಊಟ ಬಿಟ್ಟು, ಮೂರನೇ ದಿನ ಚೆನ್ನೈಯಲ್ಲಿ ಅವನಷ್ಟೇ ಚುರುಕಾದ ಇನ್ನೊಬ್ಬನ ಸುದ್ದಿ ಸಿಕ್ಕಿ ಸಮಾಧಾನಗೊಂಡರು.

ಹತ್ತು ದಿನ ಕಳೆಯಿತು. ಹಲಸೂರಿನ ಒಂದು ಕಟ್ಟಡದಲ್ಲಿ ಗ್ಯಾಸ್ ಸಿಲಿಂಡರ್ ತಂದವನು ಎರಡನೇ ಮಹಡಿಯಲ್ಲಿ ಬಾಗಿಲು ತೆರೆದು, ಸಿಲಿಂಡರನ್ನು ಅರ್ಧ ಹೊರಗೆ ಉರುಳಿಸಿದ್ದ. ಮೇಲಿನ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರು. ಬಾಗಿಲು ತೆರೆದಿದ್ದಂತೆಯೇ ಲಿಫ್ಟು ಹೊರಟಿತು. ಅವನ ಚಪ್ಪಲಿ ಹೋಯಿತು, ಕಾಲು ಉಳಿಯಿತು. ಜೀಶಾನ್ ಹೋಗಿ ನೋಡಿದಾಗ ಟೆರೇಸಿನ ಪ್ಯಾನೆಲ್ಲಿನಲ್ಲಿ ಗೇಣುದ್ದದ ಒಂದು ವೈರು ಸಿಕ್ಕಿತು. ಬಾಗಿಲು ಹಾಕಿದೆ ಎಂದು ಲಿಫ್ಟಿಗೆ ಸುಳ್ಳು ಹೇಳುವ ವೈರು ಅದು. ಮೆಕ್ಯಾನಿಕ್‌ಗಳು ರಿಪೇರಿ ಮಾಡುವಾಗ ಐದು ನಿಮಿಷಕ್ಕೆ ಹಾಕಿ ತೆಗೆಯುವಂಥದ್ದು. ಜೀಶಾನ್ ಅದನ್ನು ತಂದು ಜಹನಾರಾ ಅವರ ಮೇಜಿನ ಮೇಲಿಟ್ಟ.

ಆಕೆ ಕತಾರಿಗೆ ಫೋನ್ ಮಾಡಿದರು. ಶಾಹಬಾಜ್ ಅತ್ತೇಬಿಟ್ಟ. “ಜನ ಹೇಗಾದ್ರೂ ಓಡ್ಸು ಅಂತಾರೆ ಆಪಾ, ನಾನ್ ಹಾಕಿಬಿಡ್ತಿದ್ದೆ. ಹೋಗಿ ತೆಗೀತಾನೂ ಇದ್ದೆ. ಎಷ್ಟ್ ಉಳಿದಿವೆ, ಎಲ್ಲಿ ಉಳಿದಿವೆ, ಖುದಾ ಕಸಂ ನೆನಪಿಲ್ಲ.”

ಕಂಪನಿಯ ಕೈಯಲ್ಲಿ ಎಪ್ಪತ್ತೆರಡು ಲಿಫ್ಟುಗಳಿದ್ದವು. ಅವುಗಳಲ್ಲಿ ಎಷ್ಟೋ ಲಿಫ್ಟುಗಳ ತಲೆಯ ಮೇಲೆ ಆ ವೈರು ಕೂತಿದೆ, ಯಾವುವು ಎಂದು ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿಲ್ಲ. ಜಹನಾರಾ ಎದ್ದು ಪಾಷಾ ಅವರ ಮುಂದೆ ನಿಂತರು.

“ಎಲ್ಲಾ ಬಿಲ್ಡಿಂಗ್‌ಗೂ ಫೋನ್ ಮಾಡ್ತೀನಿ ಭಾಯ್. ನಾವ್ ಬಂದು ನೋಡೋವರ್ಗೂ ಲಿಫ್ಟ್ ಬಂದ್.”

“ಹುಚ್ಚಾ ಆಪಾ? ನಾವೇ ವೈರ್ ಬಿಟ್ಟಿದೀವಿ ಅಂತ ಎಪ್ಪತ್ತೆರಡು ಕಡೆ ಡಂಗುರ ಹೊಡೆದ್ರೆ ನಾಳೆ ಯಾರ್ ಉಳೀತಾರೆ? ಸೋಮವಾರ ಚೆನ್ನೈ ಹುಡ್ಗ ಬರ್ತಾನೆ. ಒಂದೊಂದೇ ನೋಡ್ತಾನೆ.”

ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎಂದು ನಂಬಿದ ಮನುಷ್ಯ. ಕೆಟ್ಟವರಲ್ಲ, ಹೆದರಿದ್ದರು.

“ಸೋಮವಾರದೊಳ್ಗೆ ಒಂದ್ ಕಾಲ್ ಹೋದ್ರೆ?” ಎಂದರು ಜಹನಾರಾ. ಪಾಷಾ ಮೊಬೈಲು ಕೈಗೆತ್ತಿಕೊಂಡು ಚೆನ್ನೈ ಹುಡುಗನ ನಂಬರು ಹುಡುಕತೊಡಗಿದರು. “ಸರಿ. ಯಾವ್ಯಾವು ಅಂತ ನಾನ್ ಹುಡುಕ್ತೀನಿ. ಸಿಕ್ಕಿದ್ನ ಇವತ್ತೇ ನಿಲ್ಲಿಸ್ತೀನಿ. ಅದಕ್ಕೆ ನಿಮ್ಮನ್ನ ಕೇಳಲ್ಲ.”

ಮೂವತ್ತು ವರ್ಷದ ಪರಿಚಯದಲ್ಲಿ ಆಕೆ ಪಾಷಾ ಅವರಿಗೆ ‘ಕೇಳಲ್ಲ’ ಎಂದದ್ದು ಅದೇ ಮೊದಲಂತೆ.

ಹುಡುಕುವುದು ಹೇಗೆ? ರಿಜಿಸ್ಟರಿನಲ್ಲಿ ಶಾಹಬಾಜ್ ಮಾಡಿದ ಕೆಲಸದ ಸುಳಿವೇ ಇಲ್ಲ. ನನ್ನಂಥವರೆಲ್ಲ ಅವನಿಗೇ ನೇರ ಫೋನ್ ಮಾಡಿದ್ದರಲ್ಲ; ಅವನು ಸಿಗದಾಗ ಆಫೀಸಿಗೆ ಬಂದ ದೂರುಗಳಷ್ಟೇ ಅದರಲ್ಲಿದ್ದವು. ಜಹನಾರಾ ಮೂರು ವರ್ಷದ ರಿಜಿಸ್ಟರುಗಳನ್ನು ಹರಡಿಕೊಂಡು ಕೂತರು. ಮೊದಲು ಹೆಚ್ಚು ದೂರು ಬಂದ ಲಿಫ್ಟುಗಳನ್ನು ಗುರುತು ಹಾಕಿದರು. ಅರ್ಧ ಗಂಟೆ ನೋಡಿದ ಮೇಲೆ ಅವರಿಗೆ ತಾನು ತಲೆಕೆಳಗಾಗಿ ಹುಡುಕುತ್ತಿದ್ದೇನೆ ಎನ್ನಿಸಿತು. ಬಾಗಿಲು ಕೂರದೆ ನಿಂತ ಲಿಫ್ಟು ದೂರು ತರುತ್ತದೆ. ವೈರು ಹಾಕಿಸಿಕೊಂಡ ಲಿಫ್ಟು ಬಾಗಿಲು ಹೇಗಿದ್ದರೂ ಓಡುತ್ತದೆ, ದೂರೇ ಬರುವುದಿಲ್ಲ. ಹಾಗಾದರೆ ತಿಂಗಳು ತಿಂಗಳೂ ಬಾಗಿಲಿನ ದೂರು ಕೊಡುತ್ತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದವು ಯಾವುವು? ಅವನ್ನು ಹುಡುಕಿದರು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಕಾಗದದ ಮೇಲೆ ಒಂಬತ್ತು ಹೆಸರಿದ್ದವು. ಏಳನೆಯದು ನಮ್ಮದು. ಪಕ್ಕದಲ್ಲಿ ಬರೆದುಕೊಂಡಿದ್ದರು: ‘ಬೈಯುವ ಸಾರ್. ನಾಲ್ಕು ತಿಂಗಳಿಂದ ಫೋನಿಲ್ಲ.’

ಒಂಬತ್ತಕ್ಕೂ ಆಗಲೇ ಫೋನ್ ಮಾಡಿ ಲಿಫ್ಟು ನಿಲ್ಲಿಸಿ ಎಂದರು. ಆರು ಕಡೆಯವರು ಒಪ್ಪಿದರು. ಇಬ್ಬರು ಗೊಣಗಿ ಒಪ್ಪಿದರು. ನಾನು ಒಪ್ಪಲಿಲ್ಲ.

“ನಾಳೆ ವರಮಹಾಲಕ್ಷ್ಮಿ ಹಬ್ಬ ಕಣಮ್ಮ. ನಲ್ವತ್ತು ಜನ ಹೆಂಗಸ್ರು ಅರಿಶಿನ ಕುಂಕುಮಕ್ಕೆ ಬರ್ತಾರೆ. ಚೆನ್ನಾಗ್ ಓಡ್ತಿರೋದನ್ನ ಯಾಕ್ ನಿಲ್ಲಿಸ್ಲಿ? ಶಾಹಬಾಜ್ ಮಾಡಿರೋ ಕೆಲ್ಸ ಅದು.”

“ಅದಕ್ಕೇ ಸಾರ್” ಎಂದರು ಆಕೆ. ನಾನು ಫೋನಿಟ್ಟೆ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ನಾನು ಕೆಳಗೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದಾಗ, ಐವತ್ತು ದಾಟಿದ ಒಬ್ಬ ಹೆಂಗಸು ಗೇಟಿನೊಳಗೆ ಬಂದರು. ಕಪ್ಪು ಬುರ್ಖಾ, ಕೈಯಲ್ಲಿ ಉದ್ದನೆಯ ಕೊಡೆ, ಚಪ್ಪಲಿಯ ತುಂಬ ಕೆಸರು. ರೈಲ್ವೆ ಗೇಟು ಹಾಕಿ ವಾಹನ ಸಾಲುಗಟ್ಟಿದ್ದರಿಂದ ಆಟೋ ಬಿಟ್ಟು ನಡೆದೇ ಬಂದಿದ್ದರು. “ಮೂರ್ತಿ ಸಾರ್ ನೀವೇ ಅಲ್ವಾ?” ಎಂದು ಕೇಳಿದ ಕೂಡಲೇ ದನಿಯ ಗುರುತಾಯಿತು.

“ಏನಮ್ಮ ನೀವೇ ಬಂದ್ಬಿಟ್ರಾ? ಮೆಕ್ಯಾನಿಕ್ ಎಲ್ಲಿ?”

“ಜೀಶಾನ್ ಬೇರೆ ಕಡೆ ಇದಾನೆ, ಮಧ್ಯಾಹ್ನಕ್ಕೆ ಬರ್ತಾನೆ. ಅಲ್ಲೀವರ್ಗೂ ಇದನ್ನ ಯಾರೂ ಹತ್ಬಾರ್ದು ಅಂತ ನಾನ್ ಬಂದೆ.”

“ನೋಡಿ, ಹಬ್ಬದ್ ದಿನ ನನ್ ಹತ್ರ ಜಗಳ ಆಡ್ಬೇಡಿ.”

“ಜಗಳ ಇಲ್ಲ ಸಾರ್. ಎರಡ್ ನಿಮಿಷ ಇಲ್ಲಿ ನಿಂತ್ಕೊಳ್ಳಿ.”

ಆಕೆ ಲಿಫ್ಟಿನ ಗ್ರಿಲ್ ಬಾಗಿಲುಗಳನ್ನು ಪೂರ್ತಿ ಎಳೆದು ತೆರೆದರು. ಹೊರಗೇ ನಿಂತರು. ಕೊಡೆ ಚಾಚಿ ಅದರ ತುದಿಯಿಂದ ಒಳಗಿನ ನಾಲ್ಕನೇ ನಂಬರಿನ ಗುಂಡಿ ಒತ್ತಿ, ಕೊಡೆಯನ್ನು ಚಕ್ಕನೆ ಹಿಂದಕ್ಕೆಳೆದರು. ತೆರೆದ ಬಾಗಿಲಿನಲ್ಲೇ ಲಿಫ್ಟು ಹೊರಟಿತು. ದೀಪ ಉರಿಯುತ್ತಿದ್ದ ಪೆಟ್ಟಿಗೆ ನನ್ನ ಕಣ್ಣೆದುರು ಮೇಲೆ ಹೋಯಿತು, ಅದು ನಿಂತಿದ್ದ ಜಾಗದಲ್ಲಿ ಎಣ್ಣೆ ಮೆತ್ತಿದ ಗೋಡೆ ಮತ್ತು ಕೆಳಗೆ ಕತ್ತಲೆಯ ಗುಂಡಿ ಕಾಣಿಸಿತು. ಬಾಗಿಲು ಮಾತ್ರ ಬಾ ಎಂದು ತೆರೆದುಕೊಂಡೇ ಇತ್ತು.

ಬೆನ್ನು ಹಾಕಿ ಹಿಂದಕ್ಕೆ ಹೆಜ್ಜೆಯಿಡುವ ಸೀತಮ್ಮ ನನ್ನ ಕಣ್ಣ ಮುಂದೆ ಬಂದಳು. ಚೇತರಿಸಿಕೊಂಡಂದಿನಿಂದ ದಿನಕ್ಕೆ ಎರಡು ಸಲ. ಅವಳು ಒಂದು ದಿನವೂ ಹಿಂದೆ ತಿರುಗಿ ನೋಡಿರಲಿಲ್ಲ, ಏಕೆಂದರೆ ಬಾಗಿಲು ತೆರೆಯಿತೆಂದರೆ ಲಿಫ್ಟು ಅಲ್ಲಿರುತ್ತದೆ ಎಂದು ಇಪ್ಪತ್ತು ವರ್ಷದಿಂದ ಗೊತ್ತು. ನಾನೇ ಹಾಕಿಸಿದ ವೈರು. ‘ಹೇಗಾದರೂ ಮಾಡಿ’ ಎಂದವನು ನಾನು.

“ಟೆರೇಸ್ ಕೀ ನಿಮ್ ಹತ್ರ ಇದ್ಯಲ್ಲ. ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಸಾರ್” ಎಂದರು ಜಹನಾರಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ಮಹಡಿ ದಾಟಿ ಟೆರೇಸಿಗೆ ಹತ್ತಿ ಮೋಟರ್ ಕೋಣೆಯ ಬೀಗ ತೆಗೆದೆ. ಸ್ವಿಚ್ಚು ಆರಿಸಿದೆ. ಪ್ಯಾನೆಲ್ಲಿನ ಪಕ್ಕದ ಮೊಳೆಯಲ್ಲಿ ಕಾರ್ಡು ನೇತಾಡುತ್ತಿತ್ತು. ಜೀಶಾನನ ಗುಂಡಗುಂಡಗಿನ ಅಕ್ಷರ, ತಿಂಗಳು ತಿಂಗಳು, ಬಾಗಿಲು ನೋಡಿದೆ ಸರಿ ಇದೆ, ಬಾಗಿಲು ನೋಡಿದೆ ಎಣ್ಣೆ ಹಾಕಿದೆ. ಆಮೇಲೆ ಖಾಲಿ ಗೆರೆಗಳು, ಮೂರು ವರ್ಷದ್ದು. ಕೋಣೆಯ ಕೀ ಮೂರು ವರ್ಷವೂ ನನ್ನ ಜೇಬಿನಲ್ಲೇ ಇತ್ತು. ಕಾರ್ಖಾನೆಯಲ್ಲಿ ಅಂಥದೊಂದು ಖಾಲಿ ಕಾರ್ಡು ಸಿಕ್ಕಿದ್ದರೆ ಯಾರದಾದರೂ ಇನ್‌ಕ್ರಿಮೆಂಟು ನಿಲ್ಲಿಸುತ್ತಿದ್ದೆ. ಅಲ್ಲೇ ಕೂತು ಅತ್ತೆ, ನಾಚಿಕೆಯಿಂದ.

ಕೆಳಗಿಳಿದು ಬಂದಾಗ ಜಹನಾರಾ ವಾಚ್‌ಮನ್ನನ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಲಿಫ್ಟಿನ ಬಾಗಿಲಿಗೆ ಅಡ್ಡ ಕೂತಿದ್ದರು, ಕೊಡೆ ತೊಡೆಯ ಮೇಲೆ. ಸ್ವಿಚ್ಚು ಆರಿಸಿಯಾಯಿತು, ಇನ್ನು ಪಕ್ಕದಲ್ಲಿ ಕುರ್ಚಿಯಲ್ಲಿ ಕೂರಿ ಎಂದೆ. “ಬಾಗ್ಲು ಇನ್ನೂ ತೆರೆಯತ್ತಲ್ಲ ಸಾರ್. ಗೊತ್ತಿಲ್ದೇ ಇರೋರು ಬರ್ತಾರೆ” ಎಂದರು. ಹೂ ತರಲು ಹೋಗಿದ್ದ ಸೀತಮ್ಮ ಬಂದಳು. ನಡೆದದ್ದನ್ನು ನಾನೇ ಹೇಳಿದೆ, ಏಪ್ರಿಲ್ ತಿಂಗಳಿಂದ ಶುರುಮಾಡಿ, ಏನೂ ಬಿಡದೆ. ಅವಳು ಹೂವನ್ನು ಪಕ್ಕಕ್ಕಿಟ್ಟಳು. ಆಮೇಲೆ ನನ್ನನ್ನು ಬಿಟ್ಟು ಜಹನಾರಾ ಅವರನ್ನು ನೋಡಿ, “ತಿಂಡಿ ತಿಂದಿದೀರಾ ತಾಯಿ?” ಎಂದಳು.

ಆ ವರ್ಷ ನಮ್ಮ ಮನೆಯ ಅರಿಶಿನ ಕುಂಕುಮ ನಡೆದದ್ದು ನೆಲಮಹಡಿಯಲ್ಲಿ, ಲಿಫ್ಟಿನ ಎದುರು. ಮೊದಲ ಹೂವು ಹಣ್ಣನ್ನು ಸೀತಮ್ಮ ಕೊಟ್ಟದ್ದು ಸ್ಟೂಲಿನ ಮೇಲಿದ್ದವರಿಗೆ. ಎರಡು ಗಂಟೆಗೆ ಜೀಶಾನ್ ಬಂದ. ನಿಧಾನವಾಗಿ ಕಾರ್ಡು ಓದಿದ, ನಿಧಾನವಾಗಿ ವೈರು ತೆಗೆದ, ಹೊಸ ಕಾಂಟ್ಯಾಕ್ಟ್ ಹಾಕಿದ, ನಿಧಾನವಾಗಿ ಬರೆದು ಸಹಿ ಮಾಡಿದ. ಅವನ ಪಕ್ಕದಲ್ಲೇ ನಿಂತಿದ್ದ ನಾನು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಒಂಬತ್ತರಲ್ಲಿ ಆರು ಲಿಫ್ಟುಗಳಲ್ಲಿ ವೈರು ಸಿಕ್ಕಿತು. ಜಹನಾರಾ ಆರನ್ನೂ ಹಲಸೂರಿನ ಒಂದರ ಜೊತೆ ಪಾಷಾ ಅವರ ಮುಂದೆ ಸಾಲಾಗಿ ಇಟ್ಟರು.

“ಚೆನ್ನೈಯೋನು ಬರ್ಲಿ ಭಾಯ್, ಬೇಡ ಅನ್ನಲ್ಲ” ಎಂದರು ಜಹನಾರಾ. “ಒಳ್ಳೇ ಕೈ ಯಾರಿಗ್ ಬೇಡ? ಆದ್ರೆ ಅವ್ನು ಬಂದ್ರೂ ಹೋದ್ರೂ ಲಿಫ್ಟಿಗೆ ಗೊತ್ತಾಗ್ಬಾರ್ದು. ಹಾಗ್ ಮಾಡ್ತೀರಾ, ಇಲ್ಲ ನಾನು ಮನೇಗ್ ಹೋಗ್ಲಾ?”

ಪಾಷಾ ಮಾಡಿದರು. ಬಿಡಿಸಿದ್ದವರಲ್ಲಿ ಒಬ್ಬನನ್ನು ಮತ್ತೆ ಕರೆಸಿದರು. ಎಪ್ಪತ್ತೆರಡೂ ಲಿಫ್ಟುಗಳನ್ನು ನೋಡಿಸಿದರು, ಎಲ್ಲರಿಗೂ ನಡೆದದ್ದನ್ನು ಬರೆದ ಕಾಗದ ಕಳಿಸಿದರು. ಹನ್ನೊಂದು ಕಟ್ಟಡದವರು ಬೇರೆ ಕಂಪನಿಗೆ ಹೋದರು. ಪಾಷಾ ಹೆದರಿದ್ದು ಸುಳ್ಳಾಗಲಿಲ್ಲ, ಆದರೆ ಕಂಪನಿ ಮುಳುಗಲೂ ಇಲ್ಲ. ಚೆನ್ನೈಯ ಹುಡುಗ ಬಂದು, ಕಾರ್ಡು ಬರೆಯಬೇಕು, ಸ್ವಂತ ನಂಬರು ಗಿರಾಕಿಗೆ ಕೊಡಬಾರದು ಎಂಬ ಷರತ್ತು ಕೇಳಿದ ಮೇಲೆ, ಊರಿಗೆ ಹೋಗಿ ತಿಳಿಸುತ್ತೇನೆ ಎಂದವನು ಮತ್ತೆ ಬರಲಿಲ್ಲ.

ಈಗ ಆ ಮೂರನೇ ಮಹಡಿಯ ಕೋಣೆಯಲ್ಲಿ ಜಹನಾರಾ ಅವರ ಕುರ್ಚಿಯ ಹಿಂದೆ ಒಂದು ಹಲಗೆಯಿದೆ. ಅದರಲ್ಲಿ ಹನ್ನೆರಡು ಮೊಳೆ, ಹನ್ನೆರಡು ಕೆಂಪು ವೈರು, ಪ್ರತಿಯೊಂದಕ್ಕೂ ನಂಬರು. ಮೆಕ್ಯಾನಿಕ್ ವೈರು ಒಯ್ದರೆ ಆ ಮೊಳೆಗೆ ಕಟ್ಟಡದ ಹೆಸರಿನ ಚೀಟಿ ಬೀಳುತ್ತದೆ. ಸಂಜೆ ಹನ್ನೆರಡೂ ಮೊಳೆಗೆ ವೈರು ವಾಪಸ್ಸಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಆ ಹಲಗೆಯ ಫೋಟೋವನ್ನು ಆಕೆ ಶಾಹಬಾಜ್‌ಗೆ ಕಳಿಸಿದ್ದರಂತೆ. ‘ಇಲ್ಲೂ ಎಣಿಸ್ತಾರೆ ಆಪಾ. ಮೊದಲ್ನೇ ದಿನ ನಂಗೆ ಅವಮಾನ ಆಗಿತ್ತು. ಈಗ ನಿದ್ದೆ ಚೆನ್ನಾಗ್ ಬರತ್ತೆ’ ಎಂದು ಉತ್ತರ ಬಂತು.

ನಾನು ಗೋಡೆಗೆ ಮತ್ತೆ ಸುಣ್ಣ ಬಳಿದು ಆಫೀಸಿನ ನಂಬರು ಬರೆದೆ. ಹೋದ ತಿಂಗಳು ಲಿಫ್ಟು ನಿಂತಿತು. ಫೋನ್ ಮಾಡಿ, ಆಕೆ ಕೇಳುವ ಮೊದಲೇ ಬಿಲ್ಡಿಂಗಿನ ಹೆಸರು, ಮಹಡಿ, ಒಳಗೆ ಯಾರೂ ಇಲ್ಲ, ಬಾಗಿಲು ಹಾಕಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಯಾವ್ ಬಿಲ್ಡಿಂಗು ಸಾರ್?” ಎಂದರು ಜಹನಾರಾ.

ಮತ್ತೆ ಮೊದಲಿನಿಂದ ಹೇಳಿದೆ. ಜೀಶಾನ್ ಮೂರು ಗಂಟೆ ಬಿಟ್ಟು ಬಂದ. ಸೀತಮ್ಮ ತರಕಾರಿ ಚೀಲ ಪಕ್ಕಕ್ಕಿಟ್ಟುಕೊಂಡು ಕೆಳಗೇ ಕೂತು ಅವರೆಕಾಯಿ ಸುಲಿದಳು.

ದಿನಾ ಬೆಳಗ್ಗೆ ಆರು ಗಂಟೆಗೆ, ಹಾಲಿನವನು ಬರುವ ಮೊದಲು, ನಾನು ಮೆಟ್ಟಿಲಿಳಿದು ಕೆಳಗೆ ಬರುತ್ತೇನೆ. ಗ್ರಿಲ್ ಬಾಗಿಲುಗಳನ್ನು ಪೂರ್ತಿ ತೆರೆಯುತ್ತೇನೆ. ಹೊರಗೆ ನಿಂತು, ಕೊಡೆಯ ತುದಿಯಿಂದ ನಾಲ್ಕನೇ ಗುಂಡಿ ಒತ್ತಿ, ಇಪ್ಪತ್ತು ಎಣಿಸುತ್ತೇನೆ. ವಾಚ್‌ಮನ್ ಮೊದಮೊದಲು ನಕ್ಕ, ಈಗ ನಾನು ಊರಲ್ಲಿಲ್ಲದ ದಿನ ಅವನೇ ಒತ್ತುತ್ತಾನೆ. ಲಿಫ್ಟು ಕದಲುವುದಿಲ್ಲ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಸೀತಮ್ಮನನ್ನು ವಾಕಿಂಗಿಗೆ ಕರೆತರಲು ಮೇಲೆ ಹೋಗುತ್ತೇನೆ.